ಮಾವ ನಾಯಿಗಳನ್ನು ಕರೆದ ದಿನ

ಮದುವೆ ಮಾತುಕತೆಯಲ್ಲಿ, ಹುಡುಗನ ತಂದೆ ನಗರಸಭೆಯ ಆರೋಗ್ಯ ಶಾಖೆಯಲ್ಲಿದ್ದಾರೆ ಎಂದಷ್ಟೇ ಹೇಳಿ ನಮ್ಮ ತವರಿನವರನ್ನು ಯಾಮಾರಿಸಿದ್ದರು. ದೊಡ್ಡ ಆಫೀಸರೇ ಇರಬೇಕು ಅಂತ ನಾನು ಬೀಗಿದ್ದೇ ಬೀಗಿದ್ದು! ಮದುವೆಯಾಗಿ ಬಂದ ವಾರದಲ್ಲೇ ಅಟ್ಟದ ಮೇಲೆ ಒಂದು ಉದ್ದನೆಯ ಕೋಲು, ಅದರ ತುದಿಗೆ ತಂತಿಯ ಕುಣಿಕೆ ಕಣ್ಣಿಗೆ ಬಿತ್ತು. ನಮ್ಮ ಮಾವ ನಾಯಿ ಹಿಡಿಯುವವರು.

ಕುಣಿಕೆಗಿಂತ ಮೊದಲು ಬೇಕಾದದ್ದು ಗಂಟಲು ಎಂದು ಅತ್ತೆ ಹೇಳಿದರು. ಮಾವ ನಾಲಿಗೆಯಿಂದ ಮೂರು ಸಲ ಲೊಚಗುಟ್ಟಿ, ತಾಯಿ ಕಾಣದ ಮರಿಯ ಹಾಗೆ ಕುಂಯ್ ಎನ್ನುತ್ತಿದ್ದರಂತೆ. ಎಂಥ ಬೆದರಿದ ನಾಯಿಯೂ ಕಾಲ ಬಳಿ ಬರುತ್ತಿತ್ತು. ನಗರಸಭೆಯ ವ್ಯಾನು ಹತ್ತಿದ್ದು ಮಾತ್ರ ವಾಪಸು ಬರುತ್ತಿರಲಿಲ್ಲ.

ಆಗ ಬೀದಿನಾಯಿ ಅಂದರೆ ಕಸ. ನಮ್ಮ ಬೀದಿಯವರೇ ಅರ್ಜಿ ಬರೆದು ಮಾವನನ್ನು ಕರೆಸಿ, ಟೀ ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಕಾನೂನು ಬಂತು. ಕೊಲ್ಲುವಂತಿಲ್ಲ, ಆಪರೇಷನ್ ಮಾಡಿಸಿ, ಕಿವಿಯ ತುದಿ ಕತ್ತರಿಸಿ ಗುರುತು ಮಾಡಿ, ಹಿಡಿದ ಕಡೆಯೇ ಬಿಡಬೇಕು. ಮಾವ ಅಂದೇ ಆ ಕರೆಯನ್ನು ನಿಲ್ಲಿಸಿ, ನಿವೃತ್ತರಾಗುವವರೆಗೂ ಬರೀ ಬಲೆಯಲ್ಲಿ ಹಿಡಿದರು. ಟೀ ಕೊಟ್ಟ ಮಹಾನುಭಾವರು ಈಗ ನಾಯಿಗೆ ಸ್ವೆಟರ್ ತೊಡಿಸಿ ವಾಕಿಂಗ್ ಹೋಗುತ್ತಾರೆ, ಮಾವನನ್ನು ಕಂಡರೆ ಕಟುಕನನ್ನು ಕಂಡಂತೆ ಮುಖ ತಿರುಗಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಮಗಳಿಗೆ ಇದೊಂದೂ ತಿಳಿಯದು. ಹಟ ಹಿಡಿದು ಒಂದು ಮರಿ ತಂದಳು, ಗುಂಡ. ಮಾವ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಅವರು ಹಜಾರಕ್ಕೆ ಬಂದರೆ ಗುಂಡ ಸೋಫಾದ ಅಡಿ ಸೇರಿ ಉಸಿರೆತ್ತುತ್ತಿರಲಿಲ್ಲ.

ಕಳೆದ ವಾರ ಮಧ್ಯಾಹ್ನ ಗುಂಡ ತಪ್ಪಿಸಿಕೊಂಡು ರಸ್ತೆಯಂಚಿನ ಹಳೇ ಮೋರಿಗೆ ನುಗ್ಗಿತು. ಆ ಮೋರಿಯ ಬಾಯಿಗೆ ಅವತ್ತೇ ಕಾಂಕ್ರೀಟು ತುಂಬುವವರಿದ್ದರು. ಮಗಳು ಮೋರಿಯ ಮುಂದೆ ಬಿದ್ದುಕೊಂಡು, "ಗುಂಡಾ, ಗುಂಡಾ" ಎಂದು ಗಂಟಲು ಹರಿದುಕೊಂಡಳು.

"ಆ ಕಡೆ ಬಾಯಿ ನಿನ್ನೇನೇ ಮುಚ್ಚಿದೀವಮ್ಮ. ಲಾರಿಯಲ್ಲಿರೋ ಮಾಲು ಗಟ್ಟಿಯಾಗ್ಬಿಡತ್ತೆ. ಕಾಲು ಗಂಟೆ, ಅಷ್ಟೇ," ಎಂದ ಮೇಸ್ತ್ರಿ.

ನಾನು ಮನೆಗೆ ಓಡಿದೆ. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದ್ ಸಲ ಕರೀರಿ."

"ಮಗು ಎದುರಿಗಾ? ಬೇಡಮ್ಮ."

"ಅವಳು ಅಲ್ಲಿಂದ ಏಳಲ್ಲ ಅಂತಿದಾಳೆ, ಮಾವ!"

ಬಂದರು. ಮೋರಿಯ ಮುಂದೆ ಮಂಡಿಯೂರಿದರು. ಮೂರು ಸಲ ಲೊಚಗುಟ್ಟಿ ಕುಂಯ್ ಎಂದರು. ಎಪ್ಪತ್ತು ದಾಟಿದ ಗಂಟಲಲ್ಲಿ ಎಳೆಮರಿ ಅತ್ತಿತು.

ಗುಂಡ ಮಣ್ಣು ಮೆತ್ತಿಕೊಂಡು ತೆವಳುತ್ತ ಬಂತು. ಅದೊಂದೇ ಅಲ್ಲ. ಲಾರಿಯ ಅಡಿಯಿಂದ, ಗೋಡೆಯ ಮರೆಯಿಂದ, ಕಿವಿ ಕತ್ತರಿಸಿದ ನಾಲ್ಕು ಬೀದಿನಾಯಿಗಳೂ ಬಂದು ಮಾವನ ಸುತ್ತ ಬಾಲ ಆಡಿಸುತ್ತ ನಿಂತವು. ಮಾವನ ಬಲಗೈ ತಾನಾಗಿ ಹಿಂದಕ್ಕೆ ಚಾಚಿ, ಇಲ್ಲದ ಕೋಲನ್ನು ತಡಕಿತು. ಅವರು ಗಾಬರಿಯಿಂದ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ತಾತ, ನಿಮ್ಮನ್ನ ಕಂಡ್ರೆ ಇವಕ್ಕೆ ಎಷ್ಟು ಇಷ್ಟ!" ಎಂದಳು ಮಗಳು.

"ಎಲ್ಲಾ ಹೀಗೇ ಬರ್ತಿದ್ವು ಪುಟ್ಟಿ," ಎಂದರು ಮಾವ.

ಮರುದಿನ ಬೆಳಿಗ್ಗೆ ನಾನು ಪಾತ್ರೆ ಉಜ್ಜುತ್ತಿದ್ದೆ. ಗೇಟಿನ ಬಳಿ ಮೂರು ಸಲ ಲೊಚಗುಟ್ಟಿದ ಸದ್ದು, ಹಿಂದೆಯೇ ಕುಂಯ್. ಹೊರಗೆ ಓಡಿದರೆ, ಮಗಳ ಸುತ್ತ ಬೀದಿಯ ನಾಯಿಗಳೆಲ್ಲ ಸೇರಿದ್ದವು.

"ಅಮ್ಮಾ, ನಂಗೂ ಬಂತು! ತಾತನ ಥರಾನೇ!"

ಒಳಗೆ ಮಾವ ತಮ್ಮ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡರು.