ದುಂಡಪ್ಪನ ಎರಡು ಕುರ್ಚಿ

ಮುನವಳ್ಳಿಯ ದುಂಡಪ್ಪ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೇ ಒಂದು ನಿರ್ಧಾರವನ್ನೂ ತಾನಾಗಿ ತೆಗೆದುಕೊಂಡವನಲ್ಲ. ಪ್ರತಿ ಕಡತಕ್ಕೂ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಮೇಲಕ್ಕೆ ತಳ್ಳಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. 1998ರಲ್ಲಿ ಸರ್ಕಾರ ಇಂಥವನನ್ನೇ ಹುಡುಕಿ, ಮಿಲಿಟರಿ ಮೇಜರುಗಳ ಜೊತೆ ಹತ್ತು ದಿನದ ನಾಯಕತ್ವ ತರಬೇತಿಗೆ ಕಳಿಸಿತು. ಹಗ್ಗ ಹಿಡಿದು ಹಳ್ಳ ದಾಟುವ ಪಾಠದಲ್ಲಿ ತಂಡದ ಮುಂದಾಳು ಅವನೇ. ಐವರು ಮೇಜರುಗಳು ಎದೆಮಟ್ಟದ ನೀರಲ್ಲಿ ಅಪ್ಪಣೆಗೆ ಕಾಯುತ್ತಿದ್ದರೆ, ಇವನು ದಂಡೆಯ ಮೇಲೆ ನಿಂತು ಲಿಖಿತ ಆದೇಶ ಕೇಳಿದ. ಆದರೂ ಸರ್ಟಿಫಿಕೇಟು ಸಿಕ್ಕಿತು. ಅದು ಎಲ್ಲರಿಗೂ ಸಿಗುತ್ತದೆ.

ಅದಕ್ಕೆ ಗಾಜು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ ವಾರವೇ ತಹಶೀಲ್ದಾರರು ರಜೆಯ ಮೇಲೆ ಹೋದರು. ಅವರ ಅಧಿಕಾರವೂ ದುಂಡಪ್ಪನ ಕೊರಳಿಗೆ ಬಿತ್ತು. ಶಟ್ಟೆವ್ವನ ವಿಧವಾ ವೇತನದ ಕಡತಕ್ಕೆ ಎಂದಿನಂತೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದ. ಎದ್ದು ಹೋಗಿ ಸಾಹೇಬರ ಕುರ್ಚಿಯಲ್ಲಿ ಕುಳಿತು, ತಾನು ಬರೆದದ್ದನ್ನೇ ಗಂಭೀರವಾಗಿ ಓದಿ, ‘ಚರ್ಚಿಸಿ’ ಎಂದು ಗೀಚಿ ವಾಪಸು ಕಳಿಸಿದ.

ಬಾಗಿಲಲ್ಲಿ ನಿಂತಿದ್ದ ಶಟ್ಟೆವ್ವನಿಗೆ, “ಯವ್ವಾ, ಶಿರಸ್ತೇದಾರ್ರು ತಹಶೀಲ್ದಾರ್ರ ಕೂಡ ಚರ್ಚಾ ಮಾಡಬೇಕಾಗೇತಿ. ಮುಂದಿನ ವಾರ ಬಾ” ಎಂದ.

ಮುದುಕಿ ಎರಡೂ ಕುರ್ಚಿಗಳನ್ನು ನೋಡಿದಳು. “ನಾ ಇಲ್ಲೇ ಹೊರಗ ಕುಂದರತೇನ್ರಿ ಯಪ್ಪಾ. ನೀವಿಬ್ಬರೂ ಮಾತಾಡ್ಕೊಂಡು ಹೇಳ್ರಿ.”