ನೈಟ್ರೋಜನ್ ಕೈ ಕೊಟ್ಟ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ವರ್ಷವಂತೂ ಅಲ್ಲಿಂದ ಇಳಿಯಲೇ ಇಲ್ಲ. ಹರಪನಹಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತ, ಬಿಡುವಿನ ಹೊತ್ತಿನಲ್ಲಿ ಅಲ್ಲಿನ ಲ್ಯಾಬಿನಲ್ಲೇ ನನ್ನ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ಎಂಟನೆಯ ವರ್ಷ, ಕೊನೆಯ ಗಡುವು. ತಿಂಗಳೊಳಗೆ ನಾನು ತಯಾರಿಸುತ್ತಿದ್ದ ತಾಮ್ರದ ಸಂಯುಕ್ತದ ಹರಳು ಸಿಗದಿದ್ದರೆ ನೋಂದಣಿಯೇ ರದ್ದು.

ನನ್ನ ಕೆಲಸ ಲಿಗ್ಯಾಂಡ್ ಕಟ್ಟುವುದು, ಅಂದರೆ ಲೋಹವನ್ನು ಹಿಡಿದುಕೊಳ್ಳುವ ಅಣು. ಹಿಡಿಯುವುದು ಅದರೊಳಗಿನ ನೈಟ್ರೋಜನ್. ತನ್ನ ಬಳಿ ಇರುವ ಒಂದು ಜೋಡಿ ಎಲೆಕ್ಟ್ರಾನನ್ನು ಲೋಹದ ಕಡೆ ಚಾಚುತ್ತದೆ. ನಾನು ಅದಕ್ಕೆ ಇನ್ನಷ್ಟು ಎಲೆಕ್ಟ್ರಾನ್ ತುಂಬಿ ಸಿರಿವಂತ ಮಾಡಿದ್ದೆ. ಸಿರಿ ಹೆಚ್ಚಿದಷ್ಟೂ ಹಿಡಿತ ಗಟ್ಟಿ ಎಂದು ನನ್ನ ಎಣಿಕೆ. ತಾಮ್ರವನ್ನು ಹಿಡಿದರೆ ದ್ರಾವಣ ಕಡು ನೀಲಿಯಾಗಬೇಕು. ಆದರೆ ತಾಮ್ರದ ಲವಣ ಬೆರೆಸಿದರೆ ಬರೀ ತೆಳು ನೀಲಿ. ಆರು ತಿಂಗಳು ಅದೇ ತೆಳು ನೀಲಿ! ಆ ಸೀಸೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ತರಗತಿಯಲ್ಲೂ ಇದೇ ಪಾಠ. "ನೈಟ್ರೋಜನ್ ಲೋಹಕ್ಕೆ ಕೈ ಕೊಡುತ್ತದೆ" ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಇಟ್ಟಿಗಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಕೈ ಕೊಡೋದಂದ್ರ ಮೋಸ ಮಾಡೋದಲ್ರಿ?"

"ಮೋಸ ಯಾಕ ಮಾಡ್ತೈತವ್ವ ಅದು?" ರೇಗಿದೆ.

"ಮೊದ್ಲ ಬ್ಯಾರೆಯವ್ರ ಕೈ ಹಿಡಿದಿತ್ತೇನೋ, ಯಾರಿಗೆ ಗೊತ್ರಿ?"

ಮತ್ತೆ ನಗು. ನಾನು ಮಾತ್ರ ಚಾಕ್‌ಪೀಸ್ ಹಿಡಿದು ನಿಂತೇ ಇದ್ದೆ. ಅಯ್ಯೋ ಶಿವನೇ! ಲಿಗ್ಯಾಂಡ್ ತಯಾರಿಸುವ ಕೊನೆಯ ಹಂತದಲ್ಲಿ ಆಮ್ಲ ಹಾಕುತ್ತಿದ್ದೆ. ಆಮ್ಲದ ಪ್ರೋಟಾನ್ ನೈಟ್ರೋಜನ್ನಿಗೆ ಅಂಟುತ್ತದೆ. ಅದನ್ನು ಬಿಡಿಸಲು ಹಳೆಯ ಪದ್ಧತಿಯಂತೆ ಅಡುಗೆ ಸೋಡಾದ ನೀರಿನಲ್ಲಿ ತೊಳೆಯುತ್ತಿದ್ದೆ. ಬಡ ನೈಟ್ರೋಜನ್ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿತ್ತು. ನನ್ನದು ಸಿರಿವಂತ, ನಾನೇ ಕೈಯಾರೆ ಮಾಡಿದ ಸಿರಿವಂತ! ಪ್ರೋಟಾನನ್ನು ಬಿಗಿಯಾಗಿ ಹಿಡಿದು ಕೂತಿತ್ತು. ತಾಮ್ರ ಬಂದಾಗ ಅದರ ಕೈ ಖಾಲಿ ಇರಲಿಲ್ಲ.

ಗಂಟೆ ಹೊಡೆದದ್ದೇ ಲ್ಯಾಬಿಗೆ ಓಡಿದೆ. ಅಡುಗೆ ಸೋಡಾಕ್ಕಿಂತ ಬಲವಾದ ಕಾಸ್ಟಿಕ್ ಸೋಡಾ ಹಾಕಿ ಪ್ರೋಟಾನ್ ಬಿಡಿಸಿ, ತೊಳೆದು, ಒಣಗಿಸಿ, ಮರುದಿನ ತಾಮ್ರ ಬೆರೆಸಿದೆ. ಶಾಯಿಯಂಥ ಕಡು ನೀಲಿ! ವಾರವಿಡೀ ಆ ಸೀಸೆ ಅಲುಗದಂತೆ ಕಾದೆ, ಹತ್ತಿರ ಬಂದವರನ್ನೆಲ್ಲ ಗದರಿದೆ. ತಳದಲ್ಲಿ ಹರಳು ಕಟ್ಟಿದವು. ಪರೀಕ್ಷೆಗೆ ಕಳಿಸಿದೆ. ಗಡುವಿಗೆ ನಾಲ್ಕು ದಿನ ಇರುವಾಗ, ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಮೊಬೈಲಿಗೆ ವರದಿ ಬಂತು: ತಾಮ್ರದ ಸುತ್ತ ನನ್ನ ನೈಟ್ರೋಜನ್‌ಗಳೇ.

ಆ ಗದ್ದಲದಲ್ಲೇ ನನ್ನ ಪಿಎಚ್.ಡಿ. ಗೈಡ್‌ಗೆ ಫೋನ್ ಹಚ್ಚಿ ಕೂಗಿದೆ. "ಸರ್, ನೈಟ್ರೋಜನ್ ಕೈ ಕೊಡ್ತು ಸರ್!"

ಅವರು ಮೆಲ್ಲಗೆ ಅಂದರು: "ಹೋಗ್ಲಿ ಬಿಡವ್ವ. ಎಂಟು ವರ್ಷ ಭಾಳ ಕಷ್ಟಪಟ್ಟಿ. ಅಳಬ್ಯಾಡ."

ಅಳು ಬಂದೇ ಬಿಟ್ಟಿತ್ತು, ನಗುವೂ. "ಅಲ್ರೀ ಸರ್... ತಾಮ್ರಕ್ಕ ಕೊಟ್ಟೈತ್ರಿ!"