ಕಪ್ಪು ಮರಳಿ ತಂದ ಜೈತುನಬಿ

ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಶನ್ ಇಳಿದು ಚೋರ್ ಬಜಾರಿನ ಗಲ್ಲಿಗೆ ಬಂದರೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿವೆ. ಯಾಕೂಬ ಸೇಠರ ಹಳೇ ಸಾಮಾನಿನ ಅಂಗಡಿಯ ಕಟ್ಟೆಯ ಮೇಲೆ ಮಾತ್ರ ಜೈತುನಬಿ ಆಗಲೇ ಕೂತಿದ್ದಾರೆ. ಗಲ್ಲಿಯ ನಲ್ಲಿಗೆ ನೀರು ಬರುವುದು ಈ ಹೊತ್ತಿಗೇ. ಮಡಿಲಲ್ಲಿ ಹಡಗಿನದೊಂದು ದೀಪ, ಪಕ್ಕದಲ್ಲಿ ಬಕೆಟ್ಟು, ಹಳೇ ಸೀರೆಯ ಚಿಂದಿ. ಎದುರಿನ ಪೆಟ್ಟಿಗೆಯ ಮೇಲೆ ಮನೆಯಿಂದ ಹೊತ್ತು ತಂದ ಹುಕ್ಕಾದ ಬುಡದ ಪಾತ್ರೆ ಕೂತಿದೆ, ಕಪ್ಪು ಮೈಯ ತುಂಬ ಬೆಳ್ಳಿಯ ಬಳ್ಳಿ. ಬೀದರಿನ ಬಿದರಿ ಕೆಲಸ ಅದು. ಇವತ್ತು ಅದನ್ನು ನೋಡಲು ಗಿರಾಕಿ ಬರಲಿದ್ದಾರೆ. ಮಾರಿಹೋಗದಿದ್ದರೆ ನಾಳೆಯಿಂದ ಬರುವುದು ಬೇಡ ಎಂದು ಸೇಠರು ಜೈತುನಬಿಗೆ ಖಡಾಖಂಡಿತವಾಗಿ ಹೇಳಿದ್ದಾರೆ.

ನಮ್ಮ ಅಜ್ಜಿಯಂದಿರು ಅಟ್ಟಕ್ಕೆ ಎಸೆದು ಮರೆತದ್ದನ್ನು ಕೈಯಿಂದ ದುಡ್ಡು ಹಾಕಿ ಕೊಳ್ಳುವ ಈ ಹುಚ್ಚು ಎಂಥದ್ದು ಎಂದು ತಿಳಿಯುವ ಕುತೂಹಲಕ್ಕೇ ನಾನಿಲ್ಲಿಗೆ ಬಂದವನು. ಬಂದರಿನ ದಾರುಖಾನಾದಲ್ಲಿ ಹಳೇ ಹಡಗು ಒಡೆದು ಗುಜರಿ ಮಾಡಿದರೆ ಅದರ ದೀಪ, ಗಂಟೆ ಇಲ್ಲಿಗೆ ಬರುತ್ತವೆ. ಹಳೇ ಬಂಗಲೆ ಕೆಡವಿ ಬಿಲ್ಡಿಂಗ್ ಎಬ್ಬಿಸಿದರೆ ಅದರ ಗಡಿಯಾರ, ಕನ್ನಡಿ, ಕುರ್ಚಿ ಇಲ್ಲಿಗೆ ಬರುತ್ತವೆ. ಕುತೂಹಲ ಜೈತುನಬಿಗೂ ಕಡಿಮೆಯಿಲ್ಲ. ಕೊಂಡವರನ್ನೆಲ್ಲ ನಿಲ್ಲಿಸಿ ಕೇಳಿಯೇ ಬಿಡುತ್ತಾರೆ.

“ಒಬ್ರು ಹಡಗದ ದೀಪಾ ಒಯ್ದ್ರು. ಮನ್ಯಾಗ ಕರೆಂಟ್ ಐತೇನ್ರಿ ಅಂದೆ. ಐತಿ ಅಂದ್ರು. ಮತ್ಯಾಕ ಇದು ಅಂದೆ. ‘ಇದು ಸಮುದ್ರಾ ಎಲ್ಲಾ ತಿರುಗಿ ಬಂದೈತಿ, ನಾ ಎಲ್ಲೂ ಹೋಗಿಲ್ಲ, ಅದಕ್ಕ’ ಅಂದ್ರು. ಖರೇನ ಅನಿಸ್ತ್ರಿ ನನಗ.”

ಬಾಗಲಕೋಟೆ ಕಡೆಯ ಜೈತುನಬಿ ಮದುವೆಯಾಗಿ ವಡಾಲದ ಜೋಪಡಿಗೆ ಬಂದವರು. ಗಂಡ ಅಮೀರಸಾಬ ಕಲಾಯಿ ಹಾಕುವವರು. ಮಾಟುಂಗಾ, ಚೆಂಬೂರಿನ ಉಡುಪಿ ಹೋಟೆಲುಗಳ ಹಿತ್ತಾಳೆ ಪಾತ್ರೆಗಳೆಲ್ಲ ಇವರ ಒಲೆಯ ಮುಂದೆ ಬಂದು ಬೀಳುತ್ತಿದ್ದ ಕಾಲವೊಂದಿತ್ತು. ಗಂಡ ನವಸಾಗರದ ಪುಡಿ ಉದುರಿಸಿ ತವರ ಸವರಿದರೆ ಜೈತುನಬಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಕೊಡುತ್ತಿದ್ದರು. ಆಮೇಲೆ ಹೋಟೆಲುಗಳಿಗೆ ಸ್ಟೀಲ್ ಬಂತು. ಒಲೆ ಆರಿತು. ಅಷ್ಟು ವರ್ಷ ಹೊಗೆ ಕುಡಿದ ಅಮೀರಸಾಬರ ಎದೆಯೂ ಕೈಕೊಟ್ಟಿತು. ಈಗ ಮನೆ ನಡೆಯುವುದು ಈ ಕಟ್ಟೆಯ ದುಡಿಮೆಯಿಂದಲೇ.

ಇಲ್ಲಿ ಮೊದಲು ಕಲಿಯಬೇಕಾದದ್ದು ತಿಕ್ಕದಿರುವುದನ್ನು. “ನಮ್ಮ ಮನ್ಯಾಗ ಕೊಡ ಕಪ್ಪಾದ್ರ ನೆರೆಮನಿಯವ್ರು ಮೂಗು ಮುರೀತಾರ. ಇಲ್ಲಿ ಥಳಥಳ ಮಾಡಿದ್ರ ಸೇಠ ತಲಿಮ್ಯಾಲ ಕೈ ಇಟ್ಕೋತಾರ. ಹಳೇದು ಹಳೇದರಂಗ ಕಾಣ್ಬೇಕಂತ. ಧೂಳ ಹೋಗ್ಬೇಕು, ವಯಸ್ಸ ಹೋಗಬಾರದು,” ಎಂದು ನಗುತ್ತಾರೆ.

ಹಿತ್ತಾಳೆಯ ಮಟ್ಟಿಗೆ ಕೈ ಪಳಗಿತು. ಬಿದರಿಯನ್ನು ಮಾತ್ರ ಅವರು ಕಂಡಿರಲಿಲ್ಲ. ದೀಪಾವಳಿಗೆ ಮುಂಚೆ ಈ ಹುಕ್ಕಾ ಬಂದಾಗ ಸೇಠರು ಊರಲ್ಲಿರಲಿಲ್ಲ. ಬೆಳ್ಳಿಯ ಪಾತ್ರೆ ಯಾರದೋ ಅಡುಗೆಮನೆಯಲ್ಲಿ ಹೊಗೆ ಹಿಡಿದಿದೆ, ಇಷ್ಟು ಕಪ್ಪು ವಯಸ್ಸಿನದಲ್ಲ ಎಂದುಕೊಂಡು ಜೈತುನಬಿ ಹುಣಸೆಹಣ್ಣು ಹಚ್ಚಿ ಮೈಮುರಿದು ತಿಕ್ಕಿದರು. ಕಪ್ಪು ಹೋಯಿತು, ಕೆಳಗೆ ಬೆಳ್ಳಿ ಮಾತ್ರ ಇರಲಿಲ್ಲ. ಬೂದು ಬಣ್ಣದ ಸತುವಿನ ಮೈ ತೇಪೆ ತೇಪೆಯಾಗಿ ಹೊರಬಿತ್ತು, ಅದರಲ್ಲಿ ಬೆಳ್ಳಿಯ ಬಳ್ಳಿ ಎಲ್ಲಿದೆಯೆಂದೇ ಕಾಣದಾಯಿತು. ಕಲಾಯಿಯವರ ಮನೆಯ ಕೈ ಮಾಡಬಹುದಾದ ತಪ್ಪೇ ಅದು.

“ಸೇಠ ಬಂದು ನೋಡಿ ಬೈಲಿಲ್ರಿ. ಬೈದಿದ್ರ ಬೇಷಿತ್ತು.”

ಆಕೆ ಯಾರಿಗೂ ಹೇಳದೆ ಸೊಲ್ಲಾಪುರದವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬೀದರಿಗೆ ಹೋದರು. ಗುರುತಿನವರು ಒಬ್ಬರೂ ಇರಲಿಲ್ಲ. ಬಿದರಿ ಕೆಲಸದವರ ಓಣಿ ಕೇಳಿಕೊಂಡು ಹೋಗಿ ಒಬ್ಬ ಮುದುಕರ ಮುಂದೆ ಕೂತು ತಪ್ಪು ಒಪ್ಪಿಕೊಂಡರು. ಅವರು ಗದರಿದರು, ಆಮೇಲೆ ಚಹಾ ಕುಡಿಸಿದರು, ಹೊರಡುವಾಗ ಕೋಟೆಯೊಳಗಿನ ಬಿಸಿಲು ಮಳೆ ಕಾಣದ, ಬಿದರಿಗೆ ಕಪ್ಪು ಏರಿಸುವ ಮಣ್ಣನ್ನು ಒಂದು ಗಂಟು ಕಟ್ಟಿ ಕೊಟ್ಟರು. ಅದಕ್ಕೆ ಬೆರೆಸಬೇಕಾದದ್ದು ನವಸಾಗರ. ಅದು ಗಂಡನ ಡಬ್ಬಿಯಲ್ಲಿ ಉಳಿದೇ ಇತ್ತು. ಮರಳಿ ಬಂದು ಸೇಠರಿಗೆ ಎಲ್ಲ ಹೇಳಿ ಪಾತ್ರೆಯನ್ನು ಮನೆಗೆ ಒಯ್ದರು, ಆರಿದ್ದ ಒಲೆ ಮತ್ತೆ ಹೊತ್ತಿತು. ಅಮೀರಸಾಬ ಕೆಮ್ಮುತ್ತಲೇ ಪಾತ್ರೆ ಎಷ್ಟು ಬೆಚ್ಚಗಾಗಬೇಕೆಂದು ಹೇಳಿದರು, ಇವರು ಮಣ್ಣು ಮೆತ್ತಿ ಉಜ್ಜಿದರು. ಸತು ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು.

ಅಷ್ಟರಲ್ಲಿ ಸೇಠರು ಬಂದು ಬಾಗಿಲು ತೆರೆಯುತ್ತಾರೆ. ಯಾರೂ ಕೈ ಹಚ್ಚದ ಸಾಮಾನು ಎಂದೇ ಗಿರಾಕಿ ತಿಳಿಯಲಿ, ನೀನು ಬಾಯಿ ಬಿಡಬೇಡ ಎಂದು ಹಿಂದಿಯಲ್ಲಿ ತಾಕೀತು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಬಂದ ಗಿರಾಕಿ ರಮಾನಾಥರು ಚೆಂಬೂರಿನ ಹೋಟೆಲಿನವರು, ಉಡುಪಿ ಕಡೆಯವರು. ನಾನು ಜೈತುನಬಿಯೊಡನೆ ಕನ್ನಡದಲ್ಲಿ ಮಾತಾಡುವುದು ಕೇಳಿದ್ದೇ ತಡ, ಮಾತಿಗಿಳಿಯುತ್ತಾರೆ. “ಸ್ಟೀಲ್ ಬಂದಾಗ ನಮ್ಮ ಹಿತ್ತಾಳೆ ಪಾತ್ರೆ ಎಲ್ಲ ಗುಜರಿಗೆ ಹಾಕಿದ್ದು ನಾನೇ. ಈಗ ಬೇರೆಯವರ ಗುಜರಿ ಹುಡುಕ್ತಾ ಇದ್ದೇನೆ. ಹುಚ್ಚು ಅಂತ ಮನೆಯಲ್ಲಿ ಹೇಳ್ತಾರೆ. ಹೌದು, ಹುಚ್ಚೇ.”

ಹುಕ್ಕಾವನ್ನು ಕೈಯಲ್ಲಿ ತಿರುಗಿಸಿ ನೋಡಿ ಜೈತುನಬಿಯ ಕಡೆ ತಿರುಗುತ್ತಾರೆ. “ನೀವೂ ಕನ್ನಡದವರಲ್ವಾ? ಇದು ಹಳೇ ಕಪ್ಪೇ ಹೌದಾ ಅಮ್ಮ?”

ಜೈತುನಬಿ ಚಿಂದಿ ಕೆಳಗಿಡುತ್ತಾರೆ. “ಅಲ್ರಿ ಅಣ್ಣಾರ. ಹಳೇದು ನನ್ನ ಕೈಯಾಗ ಹೋತು. ಇದು ನಾ ಹಚ್ಚಿದ್ದು.” ಸೇಠರಿಗೆ ಕನ್ನಡ ಬಾರದು. ಅವರಿಗೂ ತಿಳಿಯಲೆಂದು ಅದನ್ನೇ ಇನ್ನೊಮ್ಮೆ ಹಿಂದಿಯಲ್ಲಿ ಹೇಳುತ್ತಾರೆ.

ರಮಾನಾಥರು ಹುಕ್ಕಾ ಮೆಲ್ಲಗೆ ಕೆಳಗಿಟ್ಟು, “ಹೇಳಿದ್ದು ಒಳ್ಳೆಯದಾಯ್ತು. ನನಗೆ ಯಾರ ಕೈಯೂ ಬೀಳದ್ದೇ ಬೇಕಿತ್ತು,” ಎಂದು ಹೊರಟುಬಿಡುತ್ತಾರೆ. ಜೈತುನಬಿ ಹಡಗಿನ ದೀಪ ಒರೆಸಿ ಮುಗಿಸಿ, ಬಕೆಟ್ಟಿನ ನೀರು ಚೆಲ್ಲಿ, ತಮ್ಮ ಚಿಂದಿಗಳನ್ನೆಲ್ಲ ಗಂಟು ಕಟ್ಟುತ್ತಾರೆ.

ಆಗ ಒಬ್ಬ ಪಾರ್ಸಿ ಮುದುಕಿ ಅಂಗಡಿಗೆ ಹತ್ತಿ, ಹುಕ್ಕಾ ಅಸಲಿಯೇ ಎಂದು ಕೇಳುತ್ತಾರೆ. ಸೇಠರು ಜೈತುನಬಿಯ ಕಡೆ ಬೆರಳು ತೋರಿಸಿ ಹೇಳುತ್ತಾರೆ: “ಚಾಂದಿ ಪುರಾನಿ ಹೈ. ಕಾಲಾ ಇಸ್ ಬಾಯಿ ನೆ ಚಢಾಯಾ ಹೈ, ಬೀದರ್ ಕೀ ಮಿಟ್ಟೀ ಸೆ.” ಬೆಳ್ಳಿ ಹಳೇದು, ಕಪ್ಪು ಮಾತ್ರ ಬೀದರಿನ ಮಣ್ಣಿನಿಂದ ಈಕೆ ಏರಿಸಿದ್ದು ಎಂದು.

ಮುದುಕಿ ಹುಕ್ಕಾವನ್ನೂ ಜೈತುನಬಿಯ ಕೈಗಳನ್ನೂ ನೋಡಿ, ತಮ್ಮನನ್ನು ಕರೆದುಕೊಂಡು ಸಂಜೆ ಬರುತ್ತೇನೆ, ಬೇರೆಯವರಿಗೆ ಕೊಡಬೇಡಿ ಎನ್ನುತ್ತಾರೆ. ಸೇಠರು ಜೈತುನಬಿಯ ಮುಖ ನೋಡದೆಯೇ, ನಾಳೆ ಬೇಗ ಬಾ, ಇನ್ನೊಂದು ಬಿದರಿ ತಟ್ಟೆ ಬರುವುದಿದೆ ಎಂದು ಒಳಗೆ ಹೋಗುತ್ತಾರೆ.

ಗಂಟು ಬಿಚ್ಚುತ್ತಿರುವ ಜೈತುನಬಿಯನ್ನು ಏನನ್ನಿಸಿತು ಎಂದು ಕೇಳುತ್ತೇನೆ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ: “ಆ ಬೆಳ್ಳಿ ಬಳ್ಳಿ ಕೂರಿಸಿದಾಂವ ಯಾರೋ ಏನೋ, ಯಾರಿಗೂ ಗೊತ್ತಿಲ್ರಿ. ಕಪ್ಪು ಯಾರ್ದು ಅಂದ್ರ ಸೇಠ ನನ್ನ ಕಡೆ ಬೊಟ್ಟ ಮಾಡಿ ತೋರ್ಸಿದ್ರು.”